ಕೊಡೆಯ ಹಾಗೆ ಮಡಚುವ ಗಾಡಿ

ಕಳೆದ ಆದಿತ್ಯವಾರ ಪಕ್ಕದ ಮನೆಯ ವಸಂತ ಬಂದು ನಮ್ಮ ಜಗಲಿಯಲ್ಲಿ ಕೂತ. ಅವನಿಗೆ ಎಂಟು ತಿಂಗಳ ಗಂಡುಮಗು. ಬರುವ ತಿಂಗಳು ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಬೊಂಬಾಯಿಗೆ ಹೋಗುವ ತಯಾರಿಯಲ್ಲಿದ್ದಾನೆ.

“ಶೇಖರಣ್ಣ, ನಿಮ್ಮತ್ರ ಒಂದು ಕೇಳ್ಲಿಕ್ಕುಂಟು. ಮಕ್ಕಳನ್ನು ಕೂರಿಸಿ ದೂಡುವ ಗಾಡಿ ಉಂಟಲ್ಲ, ಮಡಚುವಂಥದ್ದು, ಅದರಲ್ಲಿ ಯಾವುದು ಒಳ್ಳೇದು? ಶಕ್ತಿನಗರಕ್ಕೆ ಮೊದಲು ಅದನ್ನು ತಂದದ್ದೇ ನೀವಂತೆ.”

ನನ್ನ ಹತ್ತಿರ ಯಾರಾದರೂ ಸಲಹೆ ಕೇಳಿದರೆ ಮುಗಿಯಿತು. ತಡವಾಗಿ ಓದಿದವರಿಗೆಲ್ಲ ಈ ಕಾಯಿಲೆ ಇರುತ್ತದೋ ಏನೋ, ನನಗಂತೂ ಇದೆ. ಗೊತ್ತಿರುವ ನಾಲ್ಕು ವಿಷಯವನ್ನು ನಲವತ್ತು ಮಾಡಿ ಹೇಳದಿದ್ದರೆ ಸಮಾಧಾನವಿಲ್ಲ. ಅರ್ಧ ಗಂಟೆ ಪಾಠ ಮಾಡಿದೆ. ಮೊದಲು ತೂಕ ನೋಡು. ಅಂಗಡಿಯವನು ಹೇಳುವ ತೂಕವಲ್ಲ, ಒಂದು ಕೈಯಲ್ಲಿ ನೀನೇ ಎತ್ತಿ ನೋಡಿದ ತೂಕ. ಆಗ ಇನ್ನೊಂದು ಕೈಯಲ್ಲಿ ಮಗು ಇದೆಯೆಂದು ತಿಳಿದುಕೊಳ್ಳಬೇಕು. ಮಡಚುವಾಗ ಬೆರಳು ಸಿಕ್ಕಿಕೊಳ್ಳುತ್ತದೋ ನೋಡು. ಮಡಚಿದರೆ ಬಸ್ಸಿನ ಸೀಟಿನ ಕೆಳಗೆ ಹೋಗಬೇಕು. ಚಕ್ರ ತೀರ ಸಣ್ಣದಾದರೆ ನಮ್ಮ ರಸ್ತೆಯ ಒಂದೊಂದು ಹೊಂಡದಲ್ಲಿಯೂ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಕೂರುವ ಬಟ್ಟೆ ಬಿಚ್ಚಿ ಒಗೆಯಲಿಕ್ಕೆ ಬರಬೇಕು, ಯಾಕೆಂದರೆ ಮಕ್ಕಳು ಮಕ್ಕಳೇ.

ವಸಂತ ತಲೆದೂಗಿ ಕೇಳಿದ. ಕೊನೆಗೆ, “ಅಲ್ಲ ಶೇಖರಣ್ಣ, ನೀವು ಅದನ್ನು ತೆಗೊಂಡು ಎಲ್ಲೆಲ್ಲ ತಿರುಗಿದ್ದೀರಿ?” ಎಂದ.

ಒಳಗೆ ಕುಸುಮ ತೆಂಗಿನಕಾಯಿ ತುರಿಯುತ್ತಿದ್ದಳು. ಆ ಸದ್ದು ನಿಂತಿತು.

“ಹಾಗೇ, ಇಲ್ಲೇ,” ಎಂದೆ ನಾನು. ತುರಿಯುವ ಸದ್ದು ಮತ್ತೆ ಶುರುವಾಯಿತು.

ನಿಜ ಹೇಳಬೇಕೆಂದರೆ ಆ ಗಾಡಿ ಹೋದ ಅತ್ಯಂತ ದೂರದ ಪ್ರಯಾಣವೆಂದರೆ ಹಂಪನಕಟ್ಟೆ. ನಮ್ಮ ಮನೆಯಿಂದ ಸಿಟಿ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ವಸಂತನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಸ್ವಲ್ಪ ನಿಧಾನ ಆಗಬಹುದು. ನಾನು ಟೈಪ್ ಮಾಡುವುದು ಎರಡೇ ಬೆರಳಿನಲ್ಲಿ. ಅಕ್ಷರ ಕಲಿತದ್ದು ತಡ, ಟೈಪು ಕಲಿತದ್ದು ಅದಕ್ಕಿಂತ ತಡ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಎಮ್ಮೆಯ ಹಿಂದೆ ಹೋದವನು ಮತ್ತೆ ಪುಸ್ತಕ ಹಿಡಿದದ್ದು ಮೀಸೆ ಬಂದ ಮೇಲೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನಾನು ಕೋಣೆಯೊಳಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತರು. ಒಬ್ಬ, “ಸಾರ್, ಪೇಪರ್ ಯಾವಾಗ ಕೊಡ್ತೀರಿ?” ಎಂದು ಕೇಳಿದ. ಆ ಗೌರವವನ್ನು ಎರಡು ನಿಮಿಷ ಅನುಭವಿಸಿ ಆಮೇಲೆ ಮೆಲ್ಲಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಪಾಸಾದ ಬಲದಲ್ಲಿ ಊರು ಬಿಟ್ಟು ಮಂಗಳೂರಿಗೆ ಬಂದೆ. ಬಂದರಿನ ಒಂದು ಕೊಬ್ಬರಿ ಗೋದಾಮಿನಲ್ಲಿ ತೂಕದ ಗುಮಾಸ್ತನ ಕೆಲಸ ಸಿಕ್ಕಿತು. ಕುಸುಮನನ್ನು ಮದುವೆಯಾದೆ, ಶಕ್ತಿನಗರದಲ್ಲಿ ಎರಡು ಕೋಣೆಯ ಮನೆ ಹಿಡಿದೆವು, ಶೈಲು ಹುಟ್ಟಿದಳು. ಹೆರಿಗೆಯಾದ ಮೇಲೆ ಕುಸುಮನ ಸೊಂಟ ಮಾತ್ರ ಸರಿಯಾಗಲಿಲ್ಲ. ಭಾರ ಎತ್ತಬಾರದು, ಕೊಡಪಾನ ಎತ್ತಬಾರದು, ಮಗುವನ್ನು ಎತ್ತಿಕೊಂಡು ನಡೆಯಬಾರದು ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದರು.

“ಕೊಡಪಾನವನ್ನು ನೀವು ಎತ್ತಬಹುದು,” ಎಂದಳು ಕುಸುಮ ಹೊರಗೆ ಬಂದು. “ಅಮ್ಮ ಎತ್ತಿಕೊಳ್ಳಬಾರದು ಅಂತ ಮಗುವಿಗೆ ಹೇಳುವುದು ಯಾರು?”

ಆಗ ಶೈಲುವಿಗೆ ಒಂದೂವರೆ ವರ್ಷ. ಬೊಂಬಾಯಿಯಿಂದ ಗಿರಿಜಕ್ಕನ ಕಾಗದ ಬಂತು. ಗಿರಿಜಕ್ಕ ಕುಸುಮನ ಅಕ್ಕ. ಅಕ್ಕ ಎಂದರೆ ಸಾಲದು. ತಾಯಿ ತೀರಿಕೊಂಡಾಗ ಕುಸುಮನಿಗೆ ನಾಲ್ಕು ವರ್ಷ, ಗಿರಿಜಕ್ಕನಿಗೆ ಹದಿನಾಲ್ಕು. ತಂಗಿಯನ್ನು ಸೊಂಟದಲ್ಲಿ ಕೂರಿಸಿಕೊಂಡೇ ಅವಳು ನೀರು ತಂದಳು, ಸೌದೆ ತಂದಳು, ಬೀಡಿ ಕಟ್ಟಿದಳು. ಆಮೇಲೆ ಬೊಂಬಾಯಿಗೆ ಹೋಗಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವಳಿಗೆ ತಂಗಿಯ ಮದುವೆಗೂ ಬರಲಾಗಲಿಲ್ಲ. ಈಗ ಆ ಮನೆಯವರು ಬಹರೈನಿಗೆ ಹೊರಟಿದ್ದರು. ಅವರ ಜೊತೆಗೆ ಗಿರಿಜಕ್ಕನೂ.

“ಇನ್ನು ಯಾವಾಗ ಬರುತ್ತೇನೋ ಗೊತ್ತಿಲ್ಲ. ಹೋಗುವ ಮೊದಲು ಮಗುವನ್ನು ಒಮ್ಮೆ ತೋರಿಸು. ಒಂದು ದಿನ ಪೂರ್ತಿ ರಜೆ ಕೇಳಿ ಇಟ್ಟಿದ್ದೇನೆ, ನಾವಿಬ್ಬರು ಸಮುದ್ರದ ಬದಿಯಲ್ಲಿ ತಿರುಗುವ” ಎಂದು ಬರೆದಿದ್ದಳು. ಆರು ವರ್ಷದಲ್ಲಿ ಅವಳು ಕೇಳಿದ ಮೊದಲ ಪೂರ್ತಿ ರಜೆ ಅದು.

ಕುಸುಮ ಕಾಗದವನ್ನು ಮೂರು ಸಲ ಓದಿದಳು. “ಇಡೀ ದಿನ ಶೈಲುವನ್ನು ಎತ್ತಿಕೊಂಡು ನಡೆಯುವುದು ನನ್ನಿಂದ ಆಗ್ಲಿಕ್ಕಿಲ್ಲ. ಬಂದರಿನಲ್ಲಿ ಆ ಫಾರಿನ್ ಗಾಡಿ ಸಿಗ್ತದಲ್ಲ, ಒಂದು ನೋಡಿ. ಹಗುರದ್ದು.”

“ನಾನು ಎತ್ತಿಕೊಳ್ತೇನಲ್ಲ?”

“ನೀವು ಪೆಟ್ಟಿಗೆ ಎತ್ತಿದ್ರೆ ಸಾಕು. ಶೈಲು ನಿಮ್ಮತ್ರ ಐದು ನಿಮಿಷ ನಿಲ್ತಾಳಾ? ಮೀಸೆ ಕಂಡ್ರೆ ಕೂಗ್ತಾಳೆ.”

ಅದು ಸತ್ಯ. ಎಸ್ಸೆಸ್ಸೆಲ್ಸಿ ಹುಡುಗರು ಎದ್ದು ನಿಂತ ಮೀಸೆಗೆ ನನ್ನ ಮಗಳು ಅಳುತ್ತಿದ್ದಳು.

ನಮ್ಮ ಗೋದಾಮಿನ ಓಣಿಯಲ್ಲೇ ಹಮ್ಮಬ್ಬಾಕನ ಫಾರಿನ್ ಸಾಮಾನಿನ ಅಂಗಡಿ. ಗಲ್ಫಿನಿಂದ ಬಂದವರು ಕೊಟ್ಟುಹೋದ ಸೆಂಟು, ಟಾರ್ಚು, ಕಂಬಳಿಗಳ ನಡುವೆ ಎರಡು ಗಾಡಿಗಳೂ ಇದ್ದವು. ಅವನು ಮೊದಲು ಎಳೆದದ್ದು ದೊಡ್ಡದನ್ನು.

“ನೋಡಿ ಗುಮಾಸ್ತರೇ, ಇದು ರಾಜರ ಮಕ್ಕಳದ್ದು. ಮೇಲೆ ನೆರಳುಂಟು, ಕೆಳಗೆ ಬುಟ್ಟಿ ಉಂಟು, ಎದುರಿಗೆ ಮೇಜು ಉಂಟು. ಬೇಕಾದ್ರೆ ನೀವೇ ಕೂತು ಹೋಗಬಹುದು.”

“ಹಗುರ ಉಂಟಾ?”

“ಹಗುರ ಎಂತಕ್ಕೆ ಮಾರಾಯ್ರೆ? ಚಕ್ರ ಉಂಟಲ್ಲ!”

“ಬಸ್ಸಿಗೆ ಹತ್ತಿಸುವಾಗ ಚಕ್ರ ಎಂತ ಮಾಡ್ತದೆ?”

ಹಮ್ಮಬ್ಬಾಕ ಟೊಪ್ಪಿ ಸರಿಸಿ ತಲೆ ತುರಿಸಿಕೊಂಡ. “ಅದೊಂದು ಪಾಯಿಂಟು,” ಎಂದು ಒಪ್ಪಿ ಇನ್ನೊಂದನ್ನು ತೆಗೆದ. ನೀಲಿ ಬಿಳಿ ಪಟ್ಟೆಯ ಬಟ್ಟೆ, ತೆಳು ಕೊಳವೆಯ ಕಾಲು, ಬಾಗಿದ ಎರಡು ಹಿಡಿ, ಪುಟ್ಟ ಪುಟ್ಟ ಎಂಟು ಚಕ್ರ. “ಇದು ಕೊಡೆಯ ಹಾಗೆ. ಕಾಲಲ್ಲಿ ಇಲ್ಲಿ ಒಂದು ಒತ್ತು, ಕೈಯಲ್ಲಿ ಅಲ್ಲಿ ಒಂದು ಒತ್ತು, ಆಯ್ತು. ಕಂಕುಳಲ್ಲಿ ಇಟ್ಕೊಂಡು ಮಸೀದಿಗೂ ಹೋಗಬಹುದು, ದೇವಸ್ಥಾನಕ್ಕೂ ಹೋಗಬಹುದು.”

ನಾನು ತೂಕದ ಗುಮಾಸ್ತ. ಬಾಯಿಮಾತಿಗೆ ಒಪ್ಪುವವನಲ್ಲ. ಎರಡನ್ನೂ ಗೋದಾಮಿಗೆ ತಂದು ತೂಕದ ಯಂತ್ರದ ಮೇಲೆ ಇಟ್ಟೆ. ದೊಡ್ಡದು ಶೈಲುವಿಗಿಂತ ಭಾರ. ಸಣ್ಣದು ಒಂದು ಊರಕೋಳಿಗಿಂತ ಸ್ವಲ್ಪ ಹೆಚ್ಚು. ಅಲ್ಲಿಗೂ ನಿಲ್ಲಲಿಲ್ಲ ನನ್ನ ಶಾಸ್ತ್ರ. ಸರಿಯಾಗಿ ಶೈಲುವಿನ ತೂಕದಷ್ಟು ಕೊಬ್ಬರಿಯನ್ನು ಚೀಲಕ್ಕೆ ತುಂಬಿಸಿ, ಗಾಡಿಯಲ್ಲಿ ಕೂರಿಸಿ, ಬೆಲ್ಟು ಹಾಕಿ, ಕಲ್ಲು ಹಾಸಿನ ಓಣಿಯಲ್ಲಿ ಹೊಳೆಯಲ್ಲಿ ದೋಣಿ ನಿಲ್ಲುವ ದಕ್ಕೆಯವರೆಗೆ ದೂಡಿಕೊಂಡು ಹೋದೆ. ಮೂಟೆ ಹೊರುವವರು ಕೆಲಸ ನಿಲ್ಲಿಸಿ ನೋಡಿದರು.

“ಓ ಗುಮಾಸ್ತರೇ, ಮಗುವಿಗೆ ಹಾಲು ಕುಡಿಸಿ ಆಯ್ತಾ?”

“ಬಣ್ಣ ಅಪ್ಪನದ್ದೇ!”

“ಎಣ್ಣೆ ಮಾತ್ರ ಅಮ್ಮನದ್ದು ಇರಬೇಕು ಮಾರಾಯ!”

ನಾನೂ ನಕ್ಕೆ. ಹೋಗಿ ಬಂದು, ಇನ್ನೊಂದು ಸುತ್ತು ಹಾಕಿದೆ. ನನಗೆ ಅಂದು ಒಂದು ಚೂರೂ ನಾಚಿಕೆಯಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಗಂಡಸು ಗಾಡಿ ದೂಡಿದರೆ ಮರ್ಯಾದೆ ಹೋಗುತ್ತದೆ ಎಂಬ ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ. ತಲೆಯಲ್ಲಿ ಇರಲಿಲ್ಲ, ಅಷ್ಟೇ. ಮೈಯಲ್ಲಿ ಬೇರೆ ಏನೋ ಇತ್ತು.

ಕೊಡೆ ಎಂದದ್ದಕ್ಕೆ ಅಪ್ಪನ ಕೊಡೆಯ ನೆನಪಾಗುತ್ತದೆ. ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಮಳೆಗಾಲದಲ್ಲಿ ಎಲ್ಲರೂ ಪನೆಯೋಲೆಯ ಹೊದಿಕೆ ಹಾಕಿಕೊಂಡು ಬಗ್ಗಿ ಓಡಾಡುವ ಕಾಲಕ್ಕೆ ಅವರು ಒಂದು ಬಟ್ಟೆಯ ಕೊಡೆ ತಂದಿದ್ದರು. ಅದನ್ನು ಮನೆಯೊಳಗೂ ಒಮ್ಮೆ ಬಿಡಿಸಿ ನಮಗೆ ತೋರಿಸಿದ್ದರು. ಆದರೆ ಗದ್ದೆಯ ಬದುವಿನ ಮೇಲೆ, ಕಟ್ಟಪುಣಿಯಲ್ಲಿ, ಎದುರಿನಿಂದ ಗದ್ದೆಯ ಒಡೆಯರಾದ ಧಣಿಗಳು ಬಂದರೆ, ಎಷ್ಟು ಮಳೆ ಇದ್ದರೂ ಸರಿ, ಅಪ್ಪ ಕೊಡೆ ಮಡಚುತ್ತಿದ್ದರು. ಮಡಚಿ ಕಂಕುಳಲ್ಲಿ ಇಟ್ಟು, ಪುಣಿಯಿಂದ ಕೆಳಗೆ ಗದ್ದೆಯ ಕೆಸರಿಗೆ ಇಳಿದು, ಎರಡೂ ಕೈ ಜೋಡಿಸಿ ನಿಲ್ಲುತ್ತಿದ್ದರು. ಮಡಚು ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ನಾನು ಅವರ ಹಿಂದೆ ನಿಂತು ನೆನೆಯುತ್ತಿದ್ದೆ. ಕೊಡೆ ಇದ್ದೂ ಒದ್ದೆಯಾಗಿ ಮನೆಗೆ ಬಂದ ನಮ್ಮನ್ನು ನೋಡಿ ಅಮ್ಮ ಒಂದು ಮಾತೂ ಕೇಳದೆ ತಲೆ ಒರೆಸಲಿಕ್ಕೆ ಬೈರಾಸು ಕೊಡುತ್ತಿದ್ದರು.

ಆಮೇಲೆ ಉಳುವವನೇ ಒಡೆಯ ಎಂಬ ಕಾನೂನು ಬಂತು, ಗೇಣಿಯ ಗದ್ದೆಗೆ ನಾವು ಡಿಕ್ಲರೇಶನ್ ಹಾಕಿದೆವು, ಗದ್ದೆ ನಮ್ಮದೇ ಆಯಿತು. ಆ ಅರ್ಜಿ ತುಂಬಿಸಿದ್ದು ನಾನೇ. ತಡವಾಗಿ ಕಲಿತ ಅಕ್ಷರಕ್ಕೆ ಅದಕ್ಕಿಂತ ದೊಡ್ಡ ಉಪಯೋಗ ಬೇರೆ ಸಿಗಲಿಲ್ಲ. ಕುಸುಮನ ಮನೆಗೆ ಹೆಣ್ಣು ನೋಡಲು ಹೋದಾಗ ಚಹಾ ಬರುವ ಮೊದಲೇ ಈ ಕಥೆ ಹೇಳಿ ಮುಗಿಸಿದ್ದೆ.

ಹೊರಡುವ ದಿನ ಬಂತು. ಮಧ್ಯಾಹ್ನದ ಮೇಲೆ ಹಂಪನಕಟ್ಟೆಯಿಂದ ಬೊಂಬಾಯಿ ಬಸ್ಸು. ನಾನು ಕಬ್ಬಿಣದ ಪೆಟ್ಟಿಗೆ ಹೊತ್ತಿದ್ದೆ. ಕುಸುಮನ ಹೆಗಲಲ್ಲಿ ಅಕ್ಕನಿಗೆಂದು ಮಾಡಿದ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ ಇದ್ದ ಚೀಲ. ಸಿಟಿ ಬಸ್ಸಿನಿಂದ ಇಳಿದು ಗಾಡಿ ಬಿಡಿಸಿ ಶೈಲುವನ್ನು ಕೂರಿಸಿದೆವು. ಕುಸುಮ ದೂಡಿದಳು. ಜನ ದಾರಿ ಬಿಟ್ಟುಕೊಟ್ಟು ನೋಡುತ್ತಿದ್ದರು. ಶೈಲು ಎರಡೂ ಕಾಲು ಎತ್ತಿ ನಗುತ್ತಿದ್ದಳು.

“ಒಂದು ಬೆರಳಿನಲ್ಲಿ ದೂಡಬಹುದು,” ಎಂದು ಕುಸುಮ ನಿಜವಾಗಿಯೂ ಒಂದು ಬೆರಳಿನಲ್ಲಿ ದೂಡಿ ತೋರಿಸಿದಳು. “ಅಕ್ಕನ ಹತ್ರ ಸ್ವಲ್ಪ ಹೊತ್ತು ದೂಡಲಿಕ್ಕೆ ಕೊಡಬೇಕು. ಅವಳು ನನ್ನನ್ನು ಹೊತ್ತದ್ದಕ್ಕೆ.”

ಬೊಂಬಾಯಿ ಬಸ್ಸು ನಿಂತಿತ್ತು. ಪೆಟ್ಟಿಗೆಯನ್ನು ಕ್ಲೀನರನಿಗೆ ಕೊಟ್ಟು ಗಾಡಿಯ ಹಿಡಿಯನ್ನು ನಾನು ತೆಗೆದುಕೊಂಡೆ. ಆಗ ಎದುರಿನ ಲಾಡ್ಜಿನ ಮೆಟ್ಟಿಲು ಇಳಿದು ಬಂದರು, ನಮ್ಮ ಊರಿನ ಧಣಿಗಳು. ಅದೇ ಬಿಳಿ ಪಂಚೆ, ಹೆಗಲಲ್ಲಿ ಶಾಲು, ಕೈಯಲ್ಲಿ ಬೆತ್ತ. ವಯಸ್ಸಾಗಿತ್ತು. ನೇರ ನಮ್ಮ ಕಡೆಗೇ ಬರುತ್ತಿದ್ದರು.

“ಕುಸುಮಾ, ಮಗುವನ್ನು ತೆಗಿ! ತೆಗಿ ತೆಗಿ!”

ಹಿಂದಿನಿಂದ ಬಸ್ಸೋ ಲಾರಿಯೋ ನುಗ್ಗಿ ಬಂತೆಂದು ಅವಳು ತಿಳಿದಿರಬೇಕು. ಹೆಗಲಲ್ಲಿ ಚೀಲ ಇದ್ದ ಹಾಗೆಯೇ ಬಗ್ಗಿ ಶೈಲುವನ್ನು ಬಾಚಿ ಎತ್ತಿದಳು. ಅವಳ ಬಾಯಿಯಿಂದ ಒಂದು ಸಣ್ಣ ಸ್ವರ ಬಂತು. ನನಗೆ ಕೇಳಿಸಿತು. ಅಷ್ಟರಲ್ಲಿ ನನ್ನ ಕಾಲು ಒತ್ತಿಯಾಗಿತ್ತು, ಕೈ ಒತ್ತಿಯಾಗಿತ್ತು. ಗಾಡಿ ಮಡಚಿ ಕಂಕುಳಿಗೆ ಬಂದಿತ್ತು. ನಾನು ರಸ್ತೆಯ ಬದಿಗೆ ಸರಿದು, ಚರಂಡಿಯ ಅಂಚಿನಲ್ಲಿ, ಎರಡೂ ಕೈ ಜೋಡಿಸಿ ನಿಂತಿದ್ದೆ.

“ಯಾರದು? ನಮ್ಮ ಬಾಬುವಿನ ಮಗ ಅಲ್ವಾ?”

“ಹೌದು ಧಣಿಗಳೇ.”

“ಓದಿದ್ದಿ ಅಂತ ಕೇಳಿದೆ. ಒಳ್ಳೇದಾಯ್ತು. ಈಗ ಎಲ್ಲಿ?”

“ಬಂದರಿನಲ್ಲಿ. ಗುಮಾಸ್ತ.”

“ನಾನು ಕಣ್ಣು ತೋರಿಸ್ಲಿಕ್ಕೆ ಬಂದದ್ದು ಮಾರಾಯ. ಎಲ್ಲ ಮಂಜು ಮಂಜು. ನಿನ್ನ ಗುರ್ತ ಸಿಕ್ಕಿದ್ದು ನೀನು ನಿಂತದ್ದರಲ್ಲಿ. ನಿನ್ನ ಅಪ್ಪನೂ ಹೀಗೇ ನಿಲ್ತಿದ್ದ.” ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. “ಅಪ್ಪ ಗದ್ದೆ ಮಾಡ್ತಾನಾ, ಬೆಳೆ ತೆಗೆಯದೆ ಹಡಿಲು ಬಿಟ್ಟಿದ್ದಾನಾ?”

“ಮಾಡ್ತಾರೆ.”

“ಮಾಡ್ಲಿ. ಒಳ್ಳೆ ಗದ್ದೆ ಅದು. ಬಾಲೆ ನಿನ್ನದಾ?”

“ಹೌದು.”

“ಕಂಕುಳಲ್ಲಿ ಎಂತ ಅದು? ಕೊಡೆಯಾ?”

ಎಂಟು ಚಕ್ರ ನನ್ನ ಬೆನ್ನ ಹಿಂದೆ ಇನ್ನೂ ತಿರುಗುತ್ತಿದ್ದವು.

“ಹೌದು ಧಣಿಗಳೇ, ಕೊಡೆ.”

“ಮತ್ತೆ ಎಂತಕ್ಕೆ ಮಡಚಿ ಇಟ್ಟದ್ದು? ಬಿಡಿಸು ಮಾರಾಯ, ಮಗುವಿಗೆ ಬಿಸಿಲು ತಾಗ್ತದೆ.”

ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಇಂದು ಎಷ್ಟೋ ಹಗುರವಾಗುತ್ತಿತ್ತು; ತಪ್ಪನ್ನು ಅವರ ಹೆಗಲಿಗೆ ಹಾಕಿ ನಿದ್ದೆ ಮಾಡಬಹುದಿತ್ತು. ಗಾಡಿಯನ್ನು ಕಾಣುವ ಕಣ್ಣು ಕೂಡ ಅವರಿಗೆ ಇರಲಿಲ್ಲ. ಊರಿನ ಇಬ್ಬರು ಮೂವರ ಸುದ್ದಿ ಕೇಳಿದರು, ಮಳೆ ಬೆಳೆ ಕೇಳಿದರು. ಹತ್ತು ನಿಮಿಷವಾಯಿತೇನೋ. ಮಗುವನ್ನು ನಾನು ಕೈಗೆ ತೆಗೆದುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಳ್ಳುತ್ತಾ ಬಂದಿದ್ದೇನೆ. ಜೋಡಿಸಿದ ಕೈ ಬಿಡಿಸಲು ಬರಲಿಲ್ಲ. ಉತ್ತರ ಇಷ್ಟೇ. ಅಷ್ಟೂ ಹೊತ್ತು ಕುಸುಮ ನನ್ನ ಹಿಂದೆ, ಬಿಸಿಲಿನಲ್ಲಿ, ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಧಣಿಗಳು ಹೋದ ಮೇಲೆ ಕಂಡಕ್ಟರು “ಹತ್ತಿ ಹತ್ತಿ” ಎಂದ. ಕುಸುಮ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲು ಇಟ್ಟಳು. ಇನ್ನೊಂದು ನೆಲದಿಂದ ಏಳಲಿಲ್ಲ.

“ಹಿಡ್ಕೊಳ್ಳಿ ಮಗುವನ್ನು,” ಎಂದಳು. ಹಾಗೆಯೇ ಕೆಳಗೆ ಕೂತಳು. ಮುಖವೆಲ್ಲ ಬೆವರು. ನಾನು ಎಬ್ಬಿಸಲು ಹೋದೆ, ಅವಳು ಬೇಡ ಎಂದು ಕೈ ಆಡಿಸಿದಳು. ಕ್ಲೀನರನೂ ನಾನೂ ಸೇರಿ ಎತ್ತಲು ನೋಡಿದೆವು, ಕಿರುಚಿದಳು. ಕಂಡಕ್ಟರು ಒಳ್ಳೆಯವನು, ಹದಿನೈದು ನಿಮಿಷ ಕಾದ. ಒಳಗಿನ ಜನ ಗಲಾಟೆ ಮಾಡಿದ ಮೇಲೆ, “ಎಂತ ಮಾಡುವುದು ಹೇಳಿ ಸಾರ್?” ಎಂದು ನನ್ನನ್ನೇ ಕೇಳಿದ. ಎಲ್ಲರಿಗೂ ಸಲಹೆ ಕೊಡುವ ನಾನು ಕುಸುಮನ ಮುಖ ನೋಡಿದೆ.

“ಪೆಟ್ಟಿಗೆ ಇಳಿಸಿ,” ಎಂದವಳು ಕುಸುಮ.

ರಿಕ್ಷಾದಲ್ಲಿ ಮನೆಗೆ ಬಂದೆವು. ಪ್ರತಿ ಹೊಂಡಕ್ಕೂ ಅವಳು ಕಣ್ಣು ಮುಚ್ಚುತ್ತಿದ್ದಳು. ಕಂಕನಾಡಿ ದಾಟಿದ ಮೇಲೆ ಕೇಳಿದಳು, “ಅವರು ಯಾರು?”

“ಧಣಿಗಳು.”

“ಯಾರ ಧಣಿಗಳು?”

“ನಮ್ಮ.”

“ಗದ್ದೆ ನಿಮ್ಮದೇ ಆಯ್ತು ಅಂತ ಹೇಳಿದ್ರಲ್ಲ, ಹೆಣ್ಣು ನೋಡ್ಲಿಕ್ಕೆ ಬಂದಾಗ?”

ಮತ್ತೆ ಆ ವಿಷಯ ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ತಪ್ಪಾಯಿತು ಎನ್ನುವ ಒಂದು ಮಾತಿಗೆ ಅಕ್ಷರ ಜ್ಞಾನವೂ ಬೇಡ, ಆದರೂ ನನಗೆ ಬರಲಿಲ್ಲ.

ಅಂದೇ ಸಂಜೆ ಹೋಗಿ ಗಿರಿಜಕ್ಕನಿಗೆ ತಂತಿ ಕೊಟ್ಟೆ. ಕುಸುಮನಿಗೆ ಅಸೌಖ್ಯ, ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನಾಲ್ಕೇ ಶಬ್ದ. ತಂತಿಯಲ್ಲಿ ಕಾರಣ ಬರೆಯುವ ಪದ್ಧತಿ ಇಲ್ಲ. ಅದು ನನಗೆ ಎಷ್ಟು ಅನುಕೂಲವಾಯಿತೆಂದು ಹೇಳಲಾರೆ.

ಕುಸುಮ ಒಂದೂವರೆ ತಿಂಗಳು ಚಾಪೆಯಲ್ಲಿ ಮಲಗಿದಳು. ಅಕ್ಕ ರಜೆ ಕೇಳಿ ಇಟ್ಟಿದ್ದ ದಿನ ಬೆಳಗ್ಗಿನಿಂದ ಗೋಡೆ ಗಡಿಯಾರವನ್ನೇ ನೋಡುತ್ತಿದ್ದಳು. “ಈಗ ಒಬ್ಬಳೇ ಹೋಗಿರ್ತಾಳಾ?” ಎಂದು ಒಮ್ಮೆ ಕೇಳಿದಳು. ಹೋಗಿರಲಿಲ್ಲ. ಬಹರೈನಿನಿಂದ ಬಂದ ಮೊದಲ ಕಾಗದದಲ್ಲಿ ಗಿರಿಜಕ್ಕ ಬರೆದಿದ್ದಳು: “ನೀವು ಬರುವುದಿಲ್ಲ ಎಂದು ಗೊತ್ತಾದ ಮೇಲೆ ರಜೆ ವಾಪಸು ಕೊಟ್ಟೆ.”

ಗಾಡಿ ಅಟ್ಟ ಹತ್ತಿತು. ಸೊಂಟ ಸರಿಯಾಗುವ ಹೊತ್ತಿಗೆ ಶೈಲು ಅಂಗಳದಲ್ಲಿ ಓಡುತ್ತಿದ್ದಳು.

ಗಿರಿಜಕ್ಕ ಬಂದದ್ದು ಮತ್ತೆ ಆರು ವರ್ಷ ಕಳೆದ ಮೇಲೆ. ನಮ್ಮ ಮನೆಯಲ್ಲಿ ಮೂರು ದಿನ ಇದ್ದಳು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗಿರಿಜಕ್ಕ ತಂಗಿಯನ್ನು ಸೊಂಟದಲ್ಲಿ ಹೊತ್ತ ಹುಡುಗಿ. ರಿಕ್ಷಾದಿಂದ ಇಳಿದದ್ದು ಮೊಣಕಾಲು ಊದಿ, ಬಾಗಿಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಹೆಂಗಸು. ಶೈಲುವನ್ನು ಹತ್ತಿರ ಕರೆದು, ಎತ್ತಿಕೊಳ್ಳಲು ನೋಡಿ, ಆಗದೆ, ಅವಳ ಎರಡು ಕೆನ್ನೆ ಹಿಡಿದುಕೊಂಡಳು.

“ಪಣಂಬೂರಿಗಾದ್ರೂ ಹೋಗುವ ಅಕ್ಕ, ಸಮುದ್ರ ನೋಡುವ,” ಎಂದಳು ಕುಸುಮ ಎರಡನೆಯ ದಿನ.

“ಮರಳಲ್ಲಿ ನಡೀಲಿಕ್ಕೆ ನನ್ನ ಕಾಲು ಕೇಳುದಿಲ್ಲ ಮಾರಾಯ್ತಿ. ಈಗ ದೂಡುವ ಗಾಡಿ ನನಗೇ ಬೇಕು.” ಅವಳೇ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಅಲ್ಲ ಕುಸುಮಾ, ಅವತ್ತು ನಿನಗೆ ಎಂತ ಆದದ್ದು? ಎಷ್ಟು ಕಾಗದ ಬರೆದಿ, ಅದೊಂದು ಬರೀಲಿಲ್ಲ ನೀನು,” ಎಂದಳು.

ನಾನು ಅಲ್ಲೇ ಚಹಾ ಹಿಡಿದು ಕೂತಿದ್ದೆ. ಹೇಳಲು ಜಾಗವಿತ್ತು, ಹೊತ್ತೂ ಇತ್ತು. ಕುಸುಮ ನನ್ನ ಕಡೆ ನೋಡಲಿಲ್ಲ.

“ನಾನೇ ಜಾಗ್ರತೆ ಮಾಡ್ಲಿಲ್ಲ ಅಕ್ಕ. ಮಗುವನ್ನು ಫಕ್ಕನೆ ಎತ್ತಿದೆ. ಇವರು ಪಾಪ, ಎತ್ತುವುದೇ ಬೇಡ ಅಂತ ಫಾರಿನ್ ಗಾಡಿ ಎಲ್ಲ ತಂದುಕೊಟ್ಟಿದ್ರು. ತೂಕ ಎಲ್ಲ ನೋಡಿ, ಹಗುರದ್ದು.”

“ಹೌದಾ ಭಾವ?” ಗಿರಿಜಕ್ಕ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ನೀರು ಬಂದಿತ್ತು. “ಯಾವ ಗಂಡಸು ಅಷ್ಟೆಲ್ಲ ನೋಡ್ತಾನೆ? ನನ್ನ ತಂಗಿ ಪುಣ್ಯ ಮಾಡಿದ್ದಾಳೆ.”

“ಅದೆಲ್ಲ ಎಂತ ದೊಡ್ಡ ವಿಷಯ,” ಎಂದೆ ನಾನು, ತಲೆ ಎತ್ತದೆ.

ಗಿರಿಜಕ್ಕ ಅದನ್ನು ವಿನಯವೆಂದು ತಿಳಿದಳು. ಬಹರೈನಿನಿಂದ ತಂದ ಖರ್ಜೂರದ ತಟ್ಟೆಯನ್ನು ನನ್ನ ಎದುರಿಗೆ ಸರಿಸಿದಳು. ನಾನು ಒಂದು ತೆಗೆದುಕೊಂಡು ತಿಂದೆ. “ಇನ್ನೊಂದು ತೆಗೊಳ್ಳಿ ಭಾವ,” ಎಂದಳು. ಇನ್ನೊಂದೂ ತಿಂದೆ.